ತೊಡೆಯ ಹೊರಬದಿಯ ನೋವು: ತಿಳಿವಳಿಕೆ ಮತ್ತು ಚಿಕಿತ್ಸೆಯ ಇತಿಹಾಸ

ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ತೊಡೆಮೂಳೆಯ ಉಬ್ಬಿಗೆ ಗ್ರೇಟರ್ ಟ್ರೊಕ್ಯಾಂಟರ್ ಎಂದು ಹೆಸರು. ಅದರ ಸುತ್ತ ಹುಟ್ಟಿ ತೊಡೆಯ ಹೊರಬದಿಗುಂಟ ಇಳಿಯುವ ಈ ನೋವು ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಮೆಟ್ಟಿಲು ಹತ್ತುವಾಗ, ರಾತ್ರಿ ಆ ಮಗ್ಗುಲಿಗೆ ಹೊರಳಿದಾಗ ಬಾಧೆ ಜಾಸ್ತಿ.

ಮೂಳೆಗೂ ಅದರ ಮೇಲೆ ಸರಿದಾಡುವ ತೊಡೆಯ ಹೊರಬದಿಯ ಬಿಗಿಪಟ್ಟಿಗೂ ನಡುವೆ ತಿಕ್ಕಾಟ ತಪ್ಪಿಸಲು ಬರ್ಸಾ ಎಂಬ ತೆಳ್ಳನೆಯ ದ್ರವಚೀಲವಿದೆ. ಇಪ್ಪತ್ತನೆಯ ಶತಮಾನದ ಬಹುಪಾಲು ವೈದ್ಯರು ಇದಕ್ಕೆ ಉರಿಯೂತ ಬಂದಿದೆಯೆಂದೇ ನಂಬಿ, ಟ್ರೊಕ್ಯಾಂಟರಿಕ್ ಬರ್ಸೈಟಿಸ್ ಎಂದು ಬರೆದುಕೊಟ್ಟರು. ವಿಶ್ರಾಂತಿ, ಶಾಖ, ನೋವಿನ ಮಾತ್ರೆ ಅಂದಿನ ಉಪಚಾರ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ನೋಡಿದ. 1951ರಲ್ಲಿ ಜೋಸೆಫ್ ಹಾಲಂಡರ್ ಹೈಡ್ರೊಕಾರ್ಟಿಸೋನನ್ನು ನೇರವಾಗಿ ಕೀಲಿಗೇ ಚುಚ್ಚಬಹುದೆಂದು ವರದಿ ಮಾಡಿದ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ತೊಡೆಯ ಈ ನೋವಿಗೂ ಬಂತು. ಚುಚ್ಚಿದರೆ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತಿದ್ದುದರಿಂದ ರೋಗನಿರ್ಣಯವನ್ನು ಪ್ರಶ್ನಿಸುವ ಗೋಜಿಗೆ ಹೆಚ್ಚು ಮಂದಿ ಹೋಗಲಿಲ್ಲ.

ಅನುಮಾನಕ್ಕೆ ಎಡೆಯಾದದ್ದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. 1997ರಲ್ಲಿ ಬ್ರಿಟನ್ನಿನ ಬಂಕರ್ ಮತ್ತು ಸಂಗಡಿಗರು ತೊಡೆಮೂಳೆಯ ಕುತ್ತಿಗೆ ಮುರಿದ 50 ರೋಗಿಗಳ ಕೀಲನ್ನು ತೆರೆದಾಗ, 11 ಮಂದಿಯಲ್ಲಿ ಪೃಷ್ಠದ ಸ್ನಾಯುಗಳು ಮೂಳೆಗೆ ಅಂಟುವ ಜಾಗದಲ್ಲಿ ಸ್ನಾಯುರಜ್ಜು ಹರಿದಿರುವುದು ಕಂಡಿತು. 2001ರಲ್ಲಿ ಆಸ್ಟ್ರೇಲಿಯದ ಬರ್ಡ್ ಮತ್ತು ಸಹೋದ್ಯೋಗಿಗಳು ಇದೇ ನೋವಿನಿಂದ ಬಳಲುತ್ತಿದ್ದ 24 ಹೆಂಗಸರಿಗೆ ಎಂಆರ್‌ಐ ಮಾಡಿಸಿದರು. ಹೆಚ್ಚಿನವರಲ್ಲಿ ಗ್ಲೂಟಿಯಸ್ ಮೀಡಿಯಸ್ ಎಂಬ ಪೃಷ್ಠದ ಸ್ನಾಯುವಿನ ರಜ್ಜು ಕೆಟ್ಟಿತ್ತು. ಬರ್ಸಾ ಉಬ್ಬಿದ್ದು ಬರೀ ಇಬ್ಬರಲ್ಲಿ. ದಶಕಗಟ್ಟಲೆ ದೂರು ಹೊತ್ತ ಚೀಲ ಬಹುಮಟ್ಟಿಗೆ ನಿರಪರಾಧಿಯಾಗಿತ್ತು.

ಸೊಂಟವನ್ನು ಒಂದು ಕಡೆಗೆ ವಾಲಿಸಿ ನಿಂತಾಗ, ಕಾಲ ಮೇಲೆ ಕಾಲು ಹಾಕಿ ಕೂತಾಗ ತೊಡೆಯ ಹೊರಬದಿಯ ಬಿಗಿಪಟ್ಟಿ ಈ ರಜ್ಜುವನ್ನು ಮೂಳೆಗೆ ಅದುಮುತ್ತದೆ. ಎಳೆತಕ್ಕಿಂತ ಈ ಒತ್ತಡವೇ ರಜ್ಜುವಿಗೆ ಕೆಟ್ಟದ್ದು ಎಂಬ ತಿಳಿವಳಿಕೆ ಬಂದಮೇಲೆ ಪರೀಕ್ಷೆಯೂ ಸರಳವಾಯಿತು: ಆಧಾರಕ್ಕೆ ಗೋಡೆಗೆ ಬೆರಳು ತಾಗಿಸಿ, ನೋವಿರುವ ಕಾಲೊಂದರ ಮೇಲೆ 30 ಸೆಕೆಂಡು ನಿಲ್ಲಿಸುವುದು. ಅಷ್ಟರೊಳಗೆ ಉಬ್ಬಿನ ಜಾಗದಲ್ಲೇ ನೋವು ಎದ್ದರೆ ಸಂಶಯ ರಜ್ಜುವಿನ ಮೇಲೆ. ಮೊದಲೆಲ್ಲ ಧಾರಾಳವಾಗಿ ಹೇಳಿಕೊಡುತ್ತಿದ್ದ, ಕಾಲನ್ನು ಅಡ್ಡಕ್ಕೆಳೆದು ಹಿಗ್ಗಿಸುವ ವ್ಯಾಯಾಮವನ್ನು ಈಗ ಬೇಡವೆನ್ನುತ್ತಾರೆ. ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಬೇಕು.

ಇಂಜೆಕ್ಷನ್ನಿನ ಪ್ರತಿಷ್ಠೆಯೂ ತಗ್ಗಿತು. 2009ರಲ್ಲಿ ಪ್ರಕಟವಾದ ರೋಂಪೆ ಮತ್ತಿತರರ ಅಧ್ಯಯನದಲ್ಲಿ ಒಂದು ತಿಂಗಳ ಹೊತ್ತಿಗೆ ಇಂಜೆಕ್ಷನ್ ಪಡೆದವರಲ್ಲಿ ಶೇ. 75 ಮಂದಿಗೆ ಗುಣ ಕಂಡಿದ್ದರೆ, ಮನೆಯಲ್ಲೇ ವ್ಯಾಯಾಮ ಮಾಡಿದವರಲ್ಲಿ ಶೇ. 7 ಮಂದಿಗೆ ಮಾತ್ರ. ಹದಿನೈದು ತಿಂಗಳಾಗುವಾಗ ಲೆಕ್ಕ ತಿರುಗಿತ್ತು: ಇಂಜೆಕ್ಷನ್ನಿನವರು ಶೇ. 48, ವ್ಯಾಯಾಮದವರು ಶೇ. 80. ಆಸ್ಟ್ರೇಲಿಯದ 204 ಮಂದಿಯ ಮೇಲೆ ನಡೆದು 2018ರಲ್ಲಿ ಹೊರಬಂದ ಪ್ರಯೋಗದಲ್ಲಿ, ಭಂಗಿಯ ತಿಳಿವಳಿಕೆಯ ಜೊತೆಗೆ ಹಂತಹಂತವಾಗಿ ಭಾರ ಹೆಚ್ಚಿಸುವ ವ್ಯಾಯಾಮ ಎಂಟು ವಾರಗಳಲ್ಲೇ ಇಂಜೆಕ್ಷನ್ನನ್ನು ಹಿಂದಿಕ್ಕಿತು. ಸುಮ್ಮನೆ ಕಾದವರಲ್ಲೂ ವರ್ಷ ತುಂಬುವಷ್ಟರಲ್ಲಿ ಅರ್ಧದಷ್ಟು ಮಂದಿ ಚೇತರಿಸಿಕೊಂಡಿದ್ದರು. ರಜ್ಜು ಪೂರ್ತಿ ಹರಿದು ನಡೆಯುವಾಗ ಸೊಂಟ ಕುಸಿಯುತ್ತಿದ್ದರೆ ಅದನ್ನು ಮೂಳೆಗೆ ಮತ್ತೆ ಹೊಲಿಯುವ ಶಸ್ತ್ರಚಿಕಿತ್ಸೆ ಇದೆ.