ಶಾಖೋಪಶಾಖೆಗಳಲ್ಲಿನ ಕಡತಗಳೂ ಪರ್ಲ್ ಭಾಷೆಯೂ

ಗಣಕಯಂತ್ರದಲ್ಲಿ ಗ್ರಂಥಪಾಠಗಳನ್ನು ಸಂಗ್ರಹಿಸುವವರಿಗೆ, ಕಡತಗಳು ಒಂದೆಡೆ ಇರದೆ ಡೈರೆಕ್ಟರಿಯೊಳಗೆ ಡೈರೆಕ್ಟರಿಯಾಗಿ ಹರಡಿರುವುದು ಅನುಭವಸಿದ್ಧವಾದ ವಿಷಯ. ಈ ವೃಕ್ಷರೂಪದ ವ್ಯವಸ್ಥೆಯನ್ನು ಮಲ್ಟಿಕ್ಸ್ ಯೋಜನೆಗಾಗಿ ಡೇಲಿ, ನ್ಯೂಮನ್ ಎಂಬಿಬ್ಬರು 1965ರ ಲೇಖನವೊಂದರಲ್ಲಿ ನಿರೂಪಿಸಿದರು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮೊದಲಾದ ಯೂನಿಕ್ಸ್ ಅದನ್ನು ಲೋಕರೂಢಿಗೆ ತಂದಿತು. ಅಲ್ಲಿ ಹುಡುಕುವುದಕ್ಕೆ ಗ್ರೆಪ್, ತಿದ್ದುವುದಕ್ಕೆ ಸೆಡ್, ಡೈರೆಕ್ಟರಿಗಳನ್ನು ಸುತ್ತಿಬರುವುದಕ್ಕೆ ಫೈಂಡ್, 1977ರಿಂದ ವರದಿ ಬರೆಯುವುದಕ್ಕೆ ಆಕ್, ಹೀಗೆ ಕಾರ್ಯಕ್ಕೊಂದು ಉಪಕರಣವಿದ್ದಿತು.

ಹಾಗಾದರೆ ಹೊಸ ಭಾಷೆಯೇಕೆ ಬೇಕಾಯಿತು? ಅಮೆರಿಕೆಯ ಎರಡು ಕರಾವಳಿಗಳಲ್ಲಿದ್ದ ಯಂತ್ರಗಳ ಕಡತಗಳಿಂದ ವರದಿಗಳನ್ನು ಸಿದ್ಧಪಡಿಸುವ ಕೆಲಸ ಲ್ಯಾರಿ ವಾಲ್ ಎಂಬುವರ ಪಾಲಿಗೆ ಬಂದಿತು. ಒಂದು ಕಡತದಲ್ಲಿ ಬರೆದುದನ್ನನುಸರಿಸಿ ಬೇರೆ ಬೇರೆ ಕಡತಗಳನ್ನು ತೆರೆದು ಮುಚ್ಚುವುದು ಆಗಿನ ಆಕ್‌ಗೆ ಅಸಾಧ್ಯವಾಗಿದ್ದಿತು. ಆ ಕೊರತೆಯೇ ಪರ್ಲ್ ಭಾಷೆಗೆ ಬೀಜ. ಅದರ ಪ್ರಥಮಾವೃತ್ತಿ 1987ರ ಡಿಸೆಂಬರ್ 18ರಂದು ಹೊರಬಿದ್ದಿತು.

1994ರ ಐದನೆಯ ಆವೃತ್ತಿಯೊಡನೆ ಬಂದ ‘ಫೈಲ್ ಫೈಂಡ್’ ಎಂಬ ಘಟಕವು ಮೂಲದಿಂದ ಹೊರಟು, ಎದುರಾದ ಪ್ರತಿಯೊಂದು ಕಡತಕ್ಕೂ ನಾವು ವಿಧಿಸಿದ ಕ್ರಿಯೆಯನ್ನು ನಡೆಯಿಸುತ್ತದೆ. ಕ್ರಿಯೆಯೊಳಗೆ ಅಕ್ಷರವರ್ಗವನ್ನು ಸಂಕೇತದಿಂದ ಹಿಡಿಯುವ ಕ್ರಮವನ್ನು ಕಂಡ ವೈಯಾಕರಣನಿಗೆ, ಸ್ವರಗಳೆಲ್ಲವನ್ನೂ ‘ಅಚ್’ ಎಂದು ಸಂಗ್ರಹಿಸಿದ ಪಾಣಿನಿಯ ಪ್ರತ್ಯಾಹಾರವು ನೆನಪಾಗದಿರದು. (ಸಾದೃಶ್ಯವಷ್ಟೆ, ಜನ್ಯಜನಕಸಂಬಂಧವನ್ನು ನಾವು ಹೇಳುತ್ತಿಲ್ಲ.)

ಕನ್ನಡದ ವಿಷಯದಲ್ಲಿ ಇನ್ನೊಂದು ತೊಡಕು. 1991ರಲ್ಲಿ ಯೂನಿಕೋಡ್ ನಮ್ಮ ಲಿಪಿಗೆ ಸ್ಥಾನಕೊಟ್ಟಿತು. ಪರ್ಲ್ ಅದನ್ನು ಚೆನ್ನಾಗಿ ಅರಗಿಸಿಕೊಂಡುದು 2002ರ 5.8ನೆಯ ಆವೃತ್ತಿಯಲ್ಲಿ. ‘ಕನ್ನಡ’ ಎಂಬ ಶಬ್ದದಲ್ಲಿ ನಮಗೆ ಮೂರು ಅಕ್ಷರಗಳು. ಯೂನಿಕೋಡಿಗೆ ಐದು ಸಂಕೇತಗಳು. ಯುಟಿಎಫ್-8 ಕ್ರಮದ ಕಡತದಲ್ಲಿ 15 ಬೈಟುಗಳು. ಕಡತವನ್ನು ತೆರೆಯುವಾಗ ಸಂಕೇತಕ್ರಮವನ್ನು ಹೇಳದಿದ್ದರೆ ಪರ್ಲ್ ಹದಿನೈದೆಂದೇ ಎಣಿಸುತ್ತದೆ.

ಇದಕ್ಕಿಂತಲೂ ಗುರುತರವಾದುದು ಪಾಠರಕ್ಷಣೆ. ಹಳಗನ್ನಡದ ಕಡತಗಳಲ್ಲಿ ‘ೞ’ಕಾರವನ್ನೆಲ್ಲ ‘ಳ’ಕಾರವಾಗಿಸಲು ಒಂದು ಪಂಕ್ತಿ ಸಾಕು. ಆದರೆ ‘ಬಾೞ್’ ಎಂದರೆ ಜೀವಿಸು, ‘ಬಾಳ್’ ಎಂದರೆ ಖಡ್ಗ. ಎರಡೂ ಒಂದಾದ ಬಳಿಕ ಯಾವ ಸೂತ್ರವೂ ಅವನ್ನು ಮರಳಿ ಬೇರ್ಪಡಿಸಲಾರದು. ಲಿಪಿಕಾರನ ಪ್ರಮಾದದಿಂದ ಕೆಡುತ್ತಿದ್ದುದು ಅವನ ಪ್ರತಿಯೂ ಅದರ ಸಂತತಿಯೂ ಮಾತ್ರ. ಇಲ್ಲಿ ಸಮಸ್ತ ಭಾಂಡಾರವೇ ಕ್ಷಣಮಾತ್ರದಲ್ಲಿ ಕೆಡುವುದು. ಕಡತವನ್ನು ಇದ್ದಲ್ಲಿಯೇ ತಿದ್ದುವ ‘ಐ’ ಎಂಬ ಆಯ್ಕೆಗೆ ಒಂದು ಪ್ರತ್ಯಯವನ್ನು ಸೇರಿಸಿದರೆ, ಪರ್ಲ್ ಮೂಲವನ್ನು ಆ ಪ್ರತ್ಯಯಾಂತವಾದ ಹೆಸರಿನಲ್ಲಿ ಉಳಿಸುತ್ತದೆ, ಸೇರಿಸದಿದ್ದರೆ ಉಳಿಸುವುದಿಲ್ಲ.