ನಮ್ಮ ಜಿಲ್ಲೆಯಲ್ಲಿದ್ದ ದ್ವೀಪಕ್ಕೆ ಈಗ ವೈಟ್‌ಫೀಲ್ಡ್‌ನಿಂದ ಪ್ರವಾಸ

ಮದುವೆಯಾಗಿ ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಮನೆ ಮಾಡಿಕೊಂಡಿರುವ ಮಗ-ಸೊಸೆ ಒಂದು ದಿನ ವಾಟ್ಸಾಪ್‌ನಲ್ಲಿ ಫೋಟೊ ಹಾಕುತ್ತಾರೆ. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. ‘ಎಲ್ಲಪ್ಪಾ ಇದು, ಫಾರಿನ್ನಾ?’ ಎಂದು ಊರಲ್ಲಿ ಕೇಳುತ್ತಾರೆ. ಮಾಲ್ಡೀವ್ಸ್ ಆಗಿದ್ದರೆ ಹೌದು, ಫಾರಿನ್ನೇ. ಆದರೆ ಆ ಫೋಟೊ ಲಕ್ಷದ್ವೀಪದ ಕಡಮತ್ ದ್ವೀಪದ್ದಾಗಿದ್ದರೆ ಉತ್ತರ ಬೇರೆ. 1956ರ ಅಕ್ಟೋಬರ್ 31ರವರೆಗೆ ಆ ದ್ವೀಪ ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮಂಗಳೂರು, ಉಡುಪಿ, ಪುತ್ತೂರು ಇದ್ದ ಅದೇ ಜಿಲ್ಲೆ.

ಕಾಸರಗೋಡು ನಮ್ಮ ಕೈತಪ್ಪಿದ್ದು ಎಲ್ಲರಿಗೂ ಗೊತ್ತು. ಅದೇ ದಿನ, ಅದೇ ಕಾನೂನಿನಲ್ಲಿ ಒಂದು ದ್ವೀಪಗಳ ಗುಂಪು ಕೂಡ ಆ ಜಿಲ್ಲೆಯಿಂದ ಹೊರಗೆ ಹೋಯಿತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಬೆಂಗಳೂರಿನ ಅಂಚಿನಿಂದ ಸಮುದ್ರದವರೆಗೆ

ಮೊದಲು ಹೋಗುವವರ ಕಥೆ ನೋಡೋಣ. ವೈಟ್‌ಫೀಲ್ಡ್ 1882ರಲ್ಲಿ ಮೈಸೂರು ಮಹಾರಾಜ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಕೊಟ್ಟ ಜಾಗದಲ್ಲಿ ಹುಟ್ಟಿದ ಸಣ್ಣ ಊರು. ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಶುರುವಾಯಿತು. ಅದರ ಹಿಂದೆ ಇದ್ದದ್ದು ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಮತ್ತು ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ. ಇಬ್ಬರೂ ದುಡಿಯುವ ಗಂಡ-ಹೆಂಡತಿ, ವಾರಕ್ಕೆ ಎರಡು ದಿನ ರಜೆ, ವರ್ಷಕ್ಕೆ ಇಷ್ಟು ಎಂದು ಸಂಬಳ ಸಹಿತ ರಜೆ: ಈ ಬದುಕು ದೊಡ್ಡ ಪ್ರಮಾಣದಲ್ಲಿ ಬಂದದ್ದು ಐಟಿ ಕಂಪನಿಗಳ ಜೊತೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಮದುವೆಯಾದ ಮೇಲೆ ಧರ್ಮಸ್ಥಳ, ತಿರುಪತಿ, ಆಮೇಲೆ ಬೇಕಾದರೆ ಊಟಿ ಎಂದಿದ್ದ ಪಟ್ಟಿಗೆ ದ್ವೀಪಗಳೂ ಸೇರಿದವು.

ಇದರಲ್ಲಿ ತೆರಿಗೆಯ ಲೆಕ್ಕವೂ ಇದೆ. ಕಂಪನಿ ಕೊಡುವ ಪ್ರವಾಸ ಭತ್ಯೆ, ಅಂದರೆ ಎಲ್‌ಟಿಎ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ನಾಲ್ಕು ವರ್ಷಕ್ಕೆ ಎರಡು ಸಲ ತೆರಿಗೆ ವಿನಾಯಿತಿ ಕೊಡುತ್ತದೆ. ಆದರೆ ಅದು ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ಮಾಲ್ಡೀವ್ಸ್ ಟಿಕೆಟ್‌ಗೆ ಸಿಗುವುದಿಲ್ಲ, ಲಕ್ಷದ್ವೀಪದ ಟಿಕೆಟ್‌ಗೆ ಸಿಗುತ್ತದೆ.

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪಕ್ಕೆ ಹೋದರು, ಫೋಟೊಗಳು ಬಂದವು. ಮಾಲ್ಡೀವ್ಸ್‌ನ ಮೂವರು ಉಪಸಚಿವರು ಹಗುರವಾಗಿ ಮಾತಾಡಿ ಅಮಾನತಾದರು. ಇಲ್ಲಿ ‘ಮಾಲ್ಡೀವ್ಸ್ ಬೇಡ, ಲಕ್ಷದ್ವೀಪಕ್ಕೆ ಹೋಗೋಣ’ ಎಂಬ ಅಲೆ ಎದ್ದಿತು. ಅದೇ ವರ್ಷ ಮಾರ್ಚ್ 31ರಿಂದ ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ಇಂಡಿಗೋ ವಿಮಾನ ನೇರವಾಗಿ ಹಾರತೊಡಗಿತು. ಅಗತ್ತಿಯಿಂದ ಮುಂದಕ್ಕೆ, ಕಡಮತ್‌ನಂಥ ದ್ವೀಪಗಳಿಗೆ, ದೋಣಿ ಅಥವಾ ಹಡಗು.

ದೂರು ಹೇಳಲು ಮಂಗಳೂರಿಗೆ ಬಂದವರು

ಈಗ ಅಲ್ಲಿರುವವರ ಕಥೆ. ಲಕ್ಷದ್ವೀಪದ ಉತ್ತರ ಭಾಗದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ಎಂಬ ಐದು ದ್ವೀಪಗಳಿವೆ. ಹಳೆಯ ದಾಖಲೆಗಳಲ್ಲಿ ಇವುಗಳಿಗೆ ಅಮಿನದೀವಿ ದ್ವೀಪಗಳು ಎಂದು ಹೆಸರು. ಅಲ್ಲಿ ಭತ್ತ ಬೆಳೆಯುವುದಿಲ್ಲ. ಇರುವುದು ತೆಂಗು ಮತ್ತು ಮೀನು. ತೆಂಗಿನ ನಾರಿನ ಹುರಿ ಹೊಸೆದು, ಅದನ್ನು ದೋಣಿಯಲ್ಲಿ ದಡಕ್ಕೆ ತಂದು, ಬದಲಿಗೆ ಅಕ್ಕಿ ಒಯ್ಯುವುದು ಅವರ ಬದುಕು.

ಆ ಕಾಲದಲ್ಲಿ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಹದಿನೆಂಟನೇ ಶತಮಾನದಲ್ಲಿ ಆ ಮನೆತನ ನಾರಿನ ವ್ಯಾಪಾರವನ್ನು ತನ್ನೊಬ್ಬರದೇ ಮಾಡಿಕೊಂಡಿತು. ಬೇರೆ ಯಾರಿಗೂ ಮಾರುವಂತಿಲ್ಲ, ಬೆಲೆ ಅವರು ಹೇಳಿದ್ದು. ನಮ್ಮ ಕಡೆ ಒಬ್ಬನೇ ದಲ್ಲಾಳಿ ಇರುವ ಮಂಡಿಗೆ ಮಾಲು ಒಯ್ದ ರೈತನಿಗೆ ಇದು ಅರ್ಥವಾಗುತ್ತದೆ.

1783ರಲ್ಲಿ ಅಮಿನಿ ಕಡೆಯ ಕೆಲವರು ಸಮುದ್ರ ದಾಟಿ ಮಂಗಳೂರಿಗೆ ಬಂದರು. ನಮ್ಮ ದ್ವೀಪಗಳನ್ನು ನೀವೇ ನೋಡಿಕೊಳ್ಳಿ ಎಂದು ಟಿಪ್ಪು ಸುಲ್ತಾನರಲ್ಲಿ ಕೇಳಿಕೊಂಡರು. ಟಿಪ್ಪುವಿಗೆ ಅರಕ್ಕಲ್ ಬೀಬಿಯವರ ಜೊತೆ ಸ್ನೇಹವಿತ್ತು. ಮಾತುಕತೆ ನಡೆದು, 1787ರ ಹೊತ್ತಿಗೆ ಐದು ದ್ವೀಪಗಳು ಮೈಸೂರಿನ ಆಡಳಿತಕ್ಕೆ ಬಂದವು. ಉಳಿದವು ಅರಕ್ಕಲ್ ಮನೆತನದಲ್ಲೇ ಉಳಿದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸತ್ತರು. ಈಸ್ಟ್ ಇಂಡಿಯಾ ಕಂಪನಿ ಐದೂ ದ್ವೀಪಗಳನ್ನು ತೆಗೆದುಕೊಂಡು ಮಂಗಳೂರಿನಿಂದಲೇ ಆಳಿತು. ಮುಂದೆ ಅವು ದಕ್ಷಿಣ ಕನ್ನಡ ಕಲೆಕ್ಟರರ ಕೈಕೆಳಗೆ ಬಂದವು. ಆದರೆ ದ್ವೀಪದವರು ಯಾವುದರಿಂದ ತಪ್ಪಿಸಿಕೊಳ್ಳಲು ಬಂದಿದ್ದರೋ ಅದು ತಪ್ಪಲಿಲ್ಲ. ನಾರನ್ನು ಈಗ ಮಂಗಳೂರಿನ ಸರ್ಕಾರಿ ಉಗ್ರಾಣಕ್ಕೆ ಹಾಕಬೇಕು, ಅಲ್ಲಿ ಕೊಡುವ ಅಕ್ಕಿ ಒಯ್ಯಬೇಕು. ಧಣಿ ಬದಲಾದರು, ಲೆಕ್ಕದ ಪುಸ್ತಕ ಬದಲಾಗಲಿಲ್ಲ.

ಒಂದು ಸಾಲಿನ ಕಾನೂನು

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಮದ್ರಾಸ್ ರಾಜ್ಯದಿಂದ ಹೊಸ ಮೈಸೂರು ರಾಜ್ಯಕ್ಕೆ ಏನೇನು ಸೇರಬೇಕು ಎಂಬ ಪಟ್ಟಿ ಇದೆ. ಅದರ ಪ್ರಕಾರ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಬರಬೇಕು, ಕಾಸರಗೋಡು ತಾಲ್ಲೂಕು ಮತ್ತು ಅಮಿನದೀವಿ ದ್ವೀಪಗಳನ್ನು ಬಿಟ್ಟು. ಕಾಸರಗೋಡು ಕೇರಳಕ್ಕೆ ಹೋಯಿತು. ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು. ನಾವು ರಾಜ್ಯೋತ್ಸವ ಆಚರಿಸುವ ನವೆಂಬರ್ 1 ಅವರಿಗೂ ಹುಟ್ಟಿದ ದಿನವೇ. 1973ರಲ್ಲಿ ಅದಕ್ಕೆ ಲಕ್ಷದ್ವೀಪ ಎಂದು ಹೆಸರಾಯಿತು.

ಕಾಸರಗೋಡಿಗೆ ಹೋರಾಟ ನಡೆಯಿತು, ಕವಿತೆ ಬಂತು. ದ್ವೀಪಗಳಿಗೆ ಹಾಗೆ ಆಗಲಿಲ್ಲ. ಅಲ್ಲಿನ ಮಾತು ಒಂದು ಬಗೆಯ ಮಲಯಾಳಂ. ಹಾಗಾಗಿ ಹೋದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದೂವರೆ ಶತಮಾನ ನಮ್ಮ ಬಂದರಿಗೆ ನಾರು ತಂದವರು ನಮ್ಮ ನೆನಪಿನಿಂದಲೂ ಹೋದರು. ಈಗ ಅವರ ಊರು ನಮಗೆ ಬರೀ ಫೋಟೊದ ಹಿನ್ನೆಲೆ. ಫೋಟೊದಲ್ಲಿ ಮರಳು ಕಾಣುತ್ತದೆ, ಜನ ಕಾಣುವುದಿಲ್ಲ.

ಜನ ಇದ್ದಾರೆ. 2011ರ ಜನಗಣತಿಯಲ್ಲಿ ಲಕ್ಷದ್ವೀಪದಲ್ಲಿ 64,473 ಮಂದಿ, ಅದರಲ್ಲಿ ಕಡಮತ್‌ನಲ್ಲಿ ಸುಮಾರು 5,400. ಎಲ್ಲ ದ್ವೀಪಗಳನ್ನು ಸೇರಿಸಿದರೂ ನೆಲ 32 ಚದರ ಕಿಲೋಮೀಟರ್.

ರೆಸಾರ್ಟ್ ಬಂದ ಬಗೆ

ಅಲ್ಲಿನ ಸ್ಥಳೀಯರು ಪರಿಶಿಷ್ಟ ಪಂಗಡದವರು. ಹೊರಗಿನವರು ಹೋಗಲು 1967ರ ನಿಯಮದ ಪ್ರಕಾರ ಪರ್ಮಿಟ್ ಬೇಕು. ಪ್ರವಾಸೋದ್ಯಮ ನೋಡಿಕೊಳ್ಳಲು 1982ರಲ್ಲಿ ‘ಸ್ಪೋರ್ಟ್ಸ್’ ಎಂಬ ಸರ್ಕಾರಿ ಸಂಸ್ಥೆ ಬಂತು. 1987ರ ಕೊನೆಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕುಟುಂಬ ಹೊಸ ವರ್ಷದ ರಜೆಗೆ ಬಂಗಾರಂ ದ್ವೀಪಕ್ಕೆ ಹೋದಾಗ ದೇಶವೆಲ್ಲ ಆ ಹೆಸರು ಕೇಳಿತು. ಮರುವರ್ಷ ಅಗತ್ತಿಯಲ್ಲಿ ವಿಮಾನ ಇಳಿಯತೊಡಗಿತು. 2023ರ ಜನವರಿಯಲ್ಲಿ ತಾಜ್ ಹೋಟೆಲ್‌ಗಳ ಕಂಪನಿ ಸುಹೇಲಿ ಮತ್ತು ಕಡಮತ್‌ನಲ್ಲಿ ತಲಾ 110 ವಿಲ್ಲಾಗಳ ರೆಸಾರ್ಟ್ ಕಟ್ಟುವುದಾಗಿ ಹೇಳಿತು. ಅದರಲ್ಲಿ ಕೆಲವು ನೀರಿನ ಮೇಲೇ ನಿಲ್ಲುವ ಮನೆಗಳು.

ನೀರು ಮತ್ತು ನೆಲ

ಇಲ್ಲಿ ಬೆಂಗಳೂರಿನ ಅಂಚಿನ ಹಳ್ಳಿಯವರಿಗೆ ಗೊತ್ತಿರುವ ಪ್ರಶ್ನೆ ಬರುತ್ತದೆ. ಹವಳದ ದ್ವೀಪದಲ್ಲಿ ನದಿ ಇಲ್ಲ, ಕೆರೆ ಇಲ್ಲ. ಮಳೆ ನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲುತ್ತದೆ, ಮಜ್ಜಿಗೆಯ ಮೇಲೆ ಬೆಣ್ಣೆ ತೇಲಿದ ಹಾಗೆ. ಹೆಚ್ಚು ಎಳೆದರೆ ಬಾವಿಗೆ ಉಪ್ಪು ಬರುತ್ತದೆ. ಅದಕ್ಕೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿದರು. ದಿನಕ್ಕೆ ಒಂದು ಲಕ್ಷ ಲೀಟರ್.

ಅಗತ್ತಿಗೆ ವಿಮಾನ ಶುರುವಾದ 2024ರ ಮಾರ್ಚ್‌ನಲ್ಲೇ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಲ್ಲಿ ಟ್ಯಾಂಕರ್‌ಗೆ ಕಾದರು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಕಟ್ಟಡ ಮೊದಲು, ನೀರು ಹದಿನೇಳು ವರ್ಷ ಆಮೇಲೆ. ಇಲ್ಲಿ ತರಲು ಕಾವೇರಿಯಾದರೂ ಇತ್ತು. ಕಡಮತ್‌ಗೆ ಯಾವ ಕಾವೇರಿಯೂ ಇಲ್ಲ.

ನೆಲದ ವಿಷಯವೂ ಹಾಗೇ. ಅಭಿವೃದ್ಧಿಗೆ ಬೇಕೆಂದರೆ ಯಾವ ಜಾಗವನ್ನಾದರೂ ವಶಕ್ಕೆ ಪಡೆಯಬಹುದು ಎಂಬ ಕರಡು ನಿಯಮ 2021ರಲ್ಲಿ ಲಕ್ಷದ್ವೀಪದಲ್ಲಿ ಬಂದಾಗ ದ್ವೀಪದವರು ಎದ್ದು ನಿಂತರು. ಜೂನ್ 7ರಂದು ಮನೆ ಮನೆಯಲ್ಲಿ ಹನ್ನೆರಡು ಗಂಟೆ ಉಪವಾಸ ಕೂತರು. ಮರುವರ್ಷ ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳಲು ಧರಣಿ ಕೂತರು. ಮೂರು ವರ್ಷ ಕೂತ ಮೇಲೆ, 2025ರ ಜುಲೈ 15ರಂದು, ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಅಗತ್ತಿಗೆ ವಿಮಾನ ಏರುವ ನಿಲ್ದಾಣ ಇರುವುದೂ ಅದೇ ತಾಲ್ಲೂಕಿನಲ್ಲಿ. ಎರಡೂ ಕಡೆಯವರು ಅಭಿವೃದ್ಧಿ ಬೇಡವೇ ಬೇಡ ಎಂದವರಲ್ಲ. ನಮ್ಮನ್ನು ಕೇಳಿ ಮಾಡಿ ಎಂದವರು. 1783ರಲ್ಲಿ ಮಂಗಳೂರಿಗೆ ಬಂದವರ ಮಾತೂ ಹೆಚ್ಚುಕಡಿಮೆ ಇದೇ ಆಗಿತ್ತು.

ಹೋಗುವವರಿಗೆ

ಹೋಗಬೇಡಿ ಎನ್ನುವುದಕ್ಕಲ್ಲ ಈ ಬರಹ. ದುಡಿದವರಿಗೆ ವಿಶ್ರಾಂತಿ ಬೇಕು, ಹೊಸ ಜೋಡಿಗೆ ನಾಲ್ಕು ದಿನ ತಮ್ಮಷ್ಟಕ್ಕೆ ತಾವಿರುವುದೂ ಬೇಕು. ಆದರೆ ಹೋಗುವುದು ಇನ್ನೊಬ್ಬರ ಊರಿಗೆ. ನೆಂಟರ ಮನೆಗೆ ಹೋದಾಗ ಬಾವಿಯಲ್ಲಿ ನೀರು ಕಡಿಮೆ ಇದ್ದರೆ ನಾವು ಎರಡು ಕೊಡದಲ್ಲೇ ಸ್ನಾನ ಮುಗಿಸುತ್ತೇವೆ. ಅಲ್ಲೂ ಅಷ್ಟೇ. ಒಯ್ದ ಪ್ಲಾಸ್ಟಿಕ್ಕನ್ನು ವಾಪಸ್ ತನ್ನಿ, ಅಲ್ಲಿ ಹೂಳಲು ಜಾಗವಿಲ್ಲ. ಹವಳ ಮುರಿದು ತರಬೇಡಿ, ಅದು ಅಪರಾಧ ಕೂಡ. ಬಂಗಾರಂ ಬಿಟ್ಟರೆ ಬೇರೆ ದ್ವೀಪಗಳಲ್ಲಿ ಮದ್ಯ ನಿಷೇಧವಿದೆ.

ಪೀಣ್ಯದ ವರ್ಕ್‌ಶಾಪ್‌ನಲ್ಲಿ ದುಡಿದು ಭಾನುವಾರವಷ್ಟೇ ರಜೆ ಇರುವ ಜೋಡಿಗೆ ವಿಮಾನದ ದುಡ್ಡೂ ಇಲ್ಲ, ದಿನವೂ ಇಲ್ಲ. ಅವರ ದ್ವೀಪ ಮಲ್ಪೆಯ ಸೇಂಟ್ ಮೇರೀಸ್: ಶನಿವಾರ ರಾತ್ರಿ ಬಸ್ಸು, ಬೆಳಿಗ್ಗೆ ದೋಣಿ. ಆದರೆ ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಮಂಜಿಗಳು ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟ್ ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ಚಿಕಿತ್ಸೆಗೆ, ಓದಿಗೆ ದ್ವೀಪದವರು ಮಂಗಳೂರಿಗೆ ಬರುತ್ತಾರೆ. 2024ರ ಮೇ ತಿಂಗಳಲ್ಲಿ ಒಂದು ವೇಗದ ಹಡಗು ಸುಮಾರು 160 ಮಂದಿಯನ್ನು ಹೊತ್ತು ಏಳು ಗಂಟೆಯಲ್ಲಿ ಲಕ್ಷದ್ವೀಪದಿಂದ ಮಂಗಳೂರಿಗೆ ಬಂದಿತ್ತು. ಆ ಹಡಗು ಎರಡೂ ಕಡೆಗೆ ನಿತ್ಯ ಓಡಿದರೆ ದ್ವೀಪದ ರೋಗಿಗೆ ಆಸ್ಪತ್ರೆ ಹತ್ತಿರವಾಗುತ್ತದೆ, ಪೀಣ್ಯದ ಜೋಡಿಗೆ ಕಡಮತ್ ಹತ್ತಿರವಾಗುತ್ತದೆ. ನಮ್ಮ ಜನಪ್ರತಿನಿಧಿಗಳಲ್ಲಿ ಕೇಳಬೇಕಾದದ್ದು ಅದನ್ನು.