ಇ-ಕಾರಿಗೆ ಬೇರೆಯವರ ಆ್ಯಪ್: ಕೀಲಿ ಯಾರ ಕೈಗೆ?

ಇಂಟರ್ನೆಟ್ ಸಂಪರ್ಕವಿರುವ ಎಲೆಕ್ಟ್ರಿಕ್ ಕಾರಿನ ಲಾಕ್, ಎಸಿ, ಚಾರ್ಜಿಂಗ್ ಎಲ್ಲವೂ ಮೊಬೈಲ್‌ನಲ್ಲೇ ನಡೆಯುತ್ತದೆ. ಕಂಪನಿಯ ಆ್ಯಪ್ ಸಾಲದು ಅಂತ ಕೆಲವರು ಚಾರ್ಜಿಂಗ್ ಲೆಕ್ಕ, ಓಡಿದ ಕಿಲೋಮೀಟರ್ ನೋಡಲು ಬೇರೆಯವರು ಮಾಡಿದ ಆ್ಯಪ್ ಹಾಕಿಕೊಳ್ಳುತ್ತಾರೆ. ಇದೇ ಥರ್ಡ್ ಪಾರ್ಟಿ ಆ್ಯಪ್.

ಅಪಾಯ ಏನು?
ಇಂಥ ಆ್ಯಪ್‌ಗೆ ಅನುಮತಿ ಕೊಟ್ಟರೆ 'ಟೋಕನ್' ಎಂಬ ಡಿಜಿಟಲ್ ಕೀಲಿ ಅದರ ಬಳಿ ಉಳಿಯುತ್ತದೆ. ಅದನ್ನು ಕದ್ದವರಿಗೆ ಪಾಸ್‌ವರ್ಡ್ ಬೇಕಿಲ್ಲ.

ನಡೆದದ್ದು
2022ರ ಜನವರಿಯಲ್ಲಿ ಜರ್ಮನಿಯ 19 ವರ್ಷದ ಡೇವಿಡ್ ಕೊಲಂಬೊ ಇದನ್ನು ಬಯಲಿಗೆ ತಂದರು. ಕೆಲ ಟೆಸ್ಲಾ ಮಾಲೀಕರು 'ಟೆಸ್ಲಾಮೇಟ್' ಎಂಬ ಆ್ಯಪ್ ಅನ್ನು ಸರಿಯಾದ ಭದ್ರತೆಯಿಲ್ಲದೆ ಬಳಸುತ್ತಿದ್ದರು. ಅದರ ಮೂಲಕ 13 ದೇಶಗಳ 25ಕ್ಕೂ ಹೆಚ್ಚು ಕಾರುಗಳು ಅವರ ಹಿಡಿತಕ್ಕೆ ಸಿಕ್ಕವು. ಬಾಗಿಲು, ಕಿಟಕಿ ತೆರೆಯಬಹುದಿತ್ತು. ಕೀ ಇಲ್ಲದೆ ಚಾಲೂ ಮಾಡಬಹುದಿತ್ತು. ಸ್ಟೀರಿಂಗ್, ಬ್ರೇಕ್ ಮಾತ್ರ ಸಿಗಲಿಲ್ಲ. ಅವರು ತಿಳಿಸಿದ ಮೇಲೆ ಆ್ಯಪ್ ಸರಿಪಡಿಸಲಾಯಿತು, ಟೆಸ್ಲಾ ಟೋಕನ್‌ಗಳನ್ನು ರದ್ದು ಮಾಡಿತು.

ಮಾಲೀಕರು ಗಮನಿಸಿ
* ಕಾರಿನ ಪಾಸ್‌ವರ್ಡ್, ಒಟಿಪಿಯನ್ನು ಬೇರೆ ಆ್ಯಪ್‌ಗೆ ಕೊಡಬೇಡಿ.
* ಲೆಕ್ಕ ನೋಡೋ ಆ್ಯಪ್ ಬಾಗಿಲು ತೆರೆಯುವ ಅನುಮತಿ ಕೇಳಿದರೆ ಬೇಡ ಅನ್ನಿ.
* ಬಳಸದ ಆ್ಯಪ್ ಅಳಿಸಿದರಷ್ಟೇ ಸಾಲದು. ಕಾರಿನ ಖಾತೆಯಲ್ಲಿ ಕೊಟ್ಟ ಅನುಮತಿಯನ್ನೂ ತೆಗೆಯಿರಿ.
* ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ ಹಳೇ ಮಾಲೀಕರ ಖಾತೆ ತೆಗೆಸಿಕೊಂಡೇ ಮನೆಗೆ ತನ್ನಿ.